ಶಿಪ್ಪಿಂಗಣ್ಣ

ಹರಾಜು ಕೂಗುವುದು ರಾತ್ರಿ ಎಂಟಕ್ಕೆ. ಕೂಗುವುದು ಅಂದರೆ ಬಾಯಿ ಬಿಟ್ಟಲ್ಲ, ವಾಟ್ಸಾಪಿನಲ್ಲಿ. ಮೊದಲು ಒಂದು ಫೋಟೋ ಬೀಳುತ್ತದೆ. ಒಂದು ದಿನ ಹಿತ್ತಾಳೆ ಪಾವು, ಒಂದು ದಿನ ಮುಳ್ಳು ಬಿದ್ದುಹೋದ ಗೋಡೆ ಗಡಿಯಾರ, ಇನ್ನೊಂದು ದಿನ ಮುಚ್ಚಳವಿಲ್ಲದ ಎಲೆಯಡಿಕೆ ಪೆಟ್ಟಿಗೆ. ಹಿಂದುಗಡೆ ಮಾತ್ರ ಯಾವಾಗಲೂ ಅದೇ ಬಿದಿರಿನ ಚಂದ್ರಿಕೆ. ಹರಾಜು ಕೂಗುವವನ ಮನೆಯಲ್ಲಿ ರೇಷ್ಮೆಹುಳ ಸಾಕುವುದನ್ನು ಬಿಟ್ಟು ವರ್ಷಗಳಾದವು. ಗೂಡು ಕಟ್ಟಬೇಕಾದ ಸುತ್ತುಗಳ ಮೇಲೆ ಈಗ ಗುಜರಿ ಕೂತು ಫೋಟೋ ತೆಗೆಸಿಕೊಳ್ಳುತ್ತದೆ. ಫೋಟೋದ ಕೆಳಗೆ ನಾಲ್ಕು ಸಾಲು: "ಬೇಸ್ 10. ಏರಿಕೆ 5. 9 ಗಂಟೆಗೆ ಕ್ಲೋಸ್. ಶಿಪ್ಪಿಂಗ್ ಎಕ್ಸ್‌ಟ್ರಾ."

ಮೊದಲ ಮೂರು ಸಾಲನ್ನು ಎಲ್ಲರೂ ಓದುತ್ತಾರೆ. ನಾಲ್ಕನೆಯದು ಅವನ ಅನ್ನ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿದೆ, ಗುಂಪಿನಲ್ಲಿ ಯಾರಿಗೂ ಅದು ಬೇಕಿಲ್ಲ. ಎಲ್ಲರಿಗೂ ಶಿಪ್ಪಿಂಗಣ್ಣ. ಇಂಥವನು ನಿಮ್ಮೂರಲ್ಲೂ ಒಬ್ಬ ಇರಬೇಕು, ಹಳೇ ನಾಣ್ಯವನ್ನೋ ಬೆಂಕಿಪೊಟ್ಟಣದ ಚೀಟಿಯನ್ನೋ ಮಾರುತ್ತಾ. ನಾನು ಬಲ್ಲವನು ಕೊಳ್ಳೇಗಾಲದವನು. ನಲವತ್ತರ ಆಸುಪಾಸು, ಗಟ್ಟಿ ಆಳು, ಅರ್ಧ ತೋಳಿನ ಅಂಗಿ, ಎಡ ಮುಂಗೈಗೆ ಕಡಗದ ಹಾಗೆ ಸಿಕ್ಕಿಸಿಕೊಂಡ ಸೆಲ್ಲೋಟೇಪಿನ ಉರುಳೆ. ಮದುವೆ ಮನೆಯಲ್ಲೂ ಆ ಉರುಳೆ ಕೈಯಲ್ಲೇ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎದುರಿಗೆ ಸಿಕ್ಕರೆ ಅವನಷ್ಟು ಧಾರಾಳಿ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಸಾಕು, ಕೈ ಹಿಡಿದು ಹೋಟೆಲಿಗೆ ಎಳೆದುಕೊಂಡು ಹೋಗಿ ಇಡ್ಲಿ ವಡೆ ಕೊಡಿಸಿ, ಬಿಲ್ಲಿಗೆ ಕೈ ಹಾಕಿದರೆ ಕೋಪ ಮಾಡಿಕೊಳ್ಳುತ್ತಾನೆ. ಅದೇ ಮನುಷ್ಯ ಫೋನು ಕೈಗೆ ಬಂತೆಂದರೆ ಬೇರೆ.

ನಾನು ಯಳಂದೂರಿನ ನಿವೃತ್ತ ಮೇಷ್ಟ್ರು. ನನಗೊಂದು ಚಟ. ಹಿಂದೆ ಟೆಂಟ್ ಸಿನಿಮಾದ ಮುಂದೆ ಕಡಲೆಕಾಯಿ ಜೊತೆ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನು ಕೂಡಿಹಾಕುತ್ತೇನೆ. ನಾಲ್ಕೋ ಎಂಟೋ ಪುಟ, ಮೈಮೇಲೆ ಮಾಸಿದ ಒಂದು ಬಣ್ಣ, ಹಿಂಬದಿಯಲ್ಲಿ ಬೀಡಿ ಜಾಹೀರಾತು. ಕಳೆದ ಧನುರ್ಮಾಸದ ಒಂದು ರಾತ್ರಿ ಚಂದ್ರಿಕೆಯ ಮೇಲೆ 'ಕಸ್ತೂರಿ ನಿವಾಸ'ದ ಹಾಡಿನ ಪುಸ್ತಕ ಬಂದು ಕೂತಿತು. 1971ರ ಚಿತ್ರ. ಕೆಳಗೆ ಅವನದೇ ಸೇರ್ಪಡೆ: "ಅಣ್ಣಾವ್ರ ಪುಸ್ತಕ, ಅಣ್ಣಾವ್ರ ತಾಲ್ಲೂಕಿಂದ." ಅದೇನೂ ಸುಳ್ಳಲ್ಲ. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರ ಊರು ಸಿಂಗಾನಲ್ಲೂರು ಕೊಳ್ಳೇಗಾಲ ತಾಲ್ಲೂಕಿನದೇ. ಆದರೆ ಆ ಒಂದು ಸಾಲಿಗೆ ಗುಂಪು ಕಾದ ಬಾಣಲೆಯಾಯಿತು. ಬೆಂಗಳೂರಿನವನೊಬ್ಬ 25 ಅಂದ, ನಾನು 30 ಅಂದೆ, ಹಾಸನದ ಕಡೆಯ ಡಾಕ್ಟರೊಬ್ಬರು 40ಕ್ಕೆ ಬಂದು ನಿಂತರು. ಒಂಬತ್ತಕ್ಕೆ ಅರ್ಧ ನಿಮಿಷ ಇರುವಾಗ ನಾನು 45 ಒತ್ತಿ ಫೋನು ಮಗುಚಿಟ್ಟೆ. ಗೆದ್ದೆ. ಮನೆಯವಳಿಗೆ ಹೇಳಿದೆ: "ನಲವತ್ತೈದಕ್ಕೇ ಬಂತು ಕಣೇ, ಹೊಡೆದುಬಿಟ್ಟೆ." ಅವಳು ಇನ್ನೂ ಏನೂ ಹೇಳಿರಲಿಲ್ಲ, ಫೋನು ಟಿಣ್ ಅಂತು.

"ಪುಸ್ತಕ 45. ಶಿಪ್ಪಿಂಗ್ 180. ಒಟ್ಟು 225. ಫೋನ್‌ಪೇ ಮಾಡಿ ಸ್ಕ್ರೀನ್‌ಶಾಟ್ ಹಾಕಿ ಮೇಷ್ಟ್ರೇ. 🙏"

ಕೊಳ್ಳೇಗಾಲಕ್ಕೂ ಯಳಂದೂರಿಗೂ ಇರುವುದು ಹದಿನೈದು ಕಿಲೋಮೀಟರ್ ಚಿಲ್ಲರೆ. ಪುಸ್ತಕದ ತೂಕ ಇಪ್ಪತ್ತು ಗ್ರಾಂ ಇದ್ದೀತು. ಅಂಚೆ ಇಲಾಖೆ 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರ ಏರಿಸಿದ್ದು ನಿಜ. ಏರಿಸಿದ ಮೇಲೂ 50 ಗ್ರಾಂವರೆಗಿನ ಲಕೋಟೆಗೆ ಊರಾಚೆ ಎಲ್ಲಿಗೆ ಕಳಿಸಿದರೂ 47 ರೂಪಾಯಿ, ಮೇಲೆ ಜಿಎಸ್‌ಟಿ. ಕೂಡಿದರೆ 55 ರೂಪಾಯಿ 46 ಪೈಸೆ. ಆ ದುಡ್ಡಿಗೆ ನನ್ನ ಪುಸ್ತಕ ಕಾಶ್ಮೀರಕ್ಕೆ ಹೋಗಬಹುದಿತ್ತು. ಕೊಳ್ಳೇಗಾಲದಿಂದ ಯಳಂದೂರಿಗೆ ಬರಲು 180 ಬೇಕಂತೆ. ಫೋನ್ ಮಾಡಿದೆ.

"ಏನಯ್ಯಾ ಇದು? ಪುಸ್ತಕಗಳಿಗೆ ಅಂತಲೇ ಹೋದ ಮೇ ತಿಂಗಳಲ್ಲಿ ಜ್ಞಾನ ಪೋಸ್ಟ್ ಶುರುವಾಗಿದೆ, 300 ಗ್ರಾಂವರೆಗೂ ಇಪ್ಪತ್ತೇ ರೂಪಾಯಿ. ಅದರಲ್ಲಿ ಹಾಕು."

"ಅದು ಜ್ಞಾನಕ್ಕೆ ಕನ ಸಾ. ಇದು ಸಿನ್ಮಾ ಹಾಡು."

"ಸರಿ, ರಿಜಿಸ್ಟರ್ಡ್ ಪೋಸ್ಟ್?"

"ಅದ್ನ ಸ್ಪೀಡ್ ಪೋಸ್ಟಿಗೆ ಸೇರುಸ್ಬುಟ್ರಲ್ಲ ಸಾ! ಪೇಪರ್ ಓದಕಿಲ್ವಾ ನೀವು?" ದನಿಯಲ್ಲಿ ದುಃಖವಿತ್ತು. ಅಣ್ಣತಮ್ಮಂದಿರು ಮನೆ ಒಂದು ಮಾಡಿಕೊಂಡದ್ದಕ್ಕೆ ಪಾಲು ಮಾಡಿಸಲು ಬಂದ ವಕೀಲನಿಗೆ ಆಗುವಂಥ ದುಃಖ. ಅಂಚೆ ಇಲಾಖೆಯಲ್ಲಿ ಒಂದು ಎಲೆ ಅಲುಗಿದರೂ ಇಲ್ಲಿ ಅವನ ದರ ಏರುತ್ತದೆ. ರಿಜಿಸ್ಟರ್ಡ್ ಪೋಸ್ಟ್ ಹೋಯಿತೆಂದು 100 ಇದ್ದದ್ದು 150 ಆಯಿತು, ಸ್ಪೀಡ್ ಪೋಸ್ಟ್ ಏರಿತೆಂದು 150 ಇದ್ದದ್ದು 180 ಆಯಿತು. ಅಂಚೆ ಕಚೇರಿಯವರ ಗಡಿಯಾರಕ್ಕೆ ಸೆಲ್ ಹಾಕಿದರೂ ಇವನು ಐದು ರೂಪಾಯಿ ಸೇರಿಸಿಯಾನು.

ನಾನು ಮಕ್ಕಳಿಗೆ ತತ್ಸಮ ತದ್ಭವ ಹೇಳಿಕೊಟ್ಟವನು. ಹಂಸ ತತ್ಸಮ, ಅಂಚೆ ತದ್ಭವ. ಹಂಸಕ್ಕೆ ಹಾಲು ನೀರನ್ನು ಬೇರೆ ಮಾಡುವ ವಿದ್ಯೆ ಗೊತ್ತು ಅಂತ ಕವಿಗಳು ಹೇಳಿಕೊಂಡು ಬಂದಿದ್ದಾರೆ. ಶಿಪ್ಪಿಂಗಣ್ಣನ ಅಂಚೆಗೂ ಗೊತ್ತು. ಹಾಲಿಗೆ 45, ನೀರಿಗೆ 180.

ಆಮೇಲೆ ಅವನು ತನ್ನ ಬ್ರಹ್ಮಾಸ್ತ್ರ ತೆಗೆದ. "ಸಾ, ಸಾಮಾನಲ್ಲಿ ಒಂದ್ ರೂಪಾಯಿ ಲಾಬ ನೋಡಿಲ್ಲ. ಮಾದಪ್ಪನಾಣೆ."

ನಮ್ಮ ಕಡೆ ಇದು ಹುಡುಗಾಟದ ಮಾತಲ್ಲ. ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಡುದಾರಿಯಲ್ಲಿ ಬರಿಗಾಲಲ್ಲಿ ನಡೆದು ಹೋಗುವ ಜನ ಇವರು. ಕೋರ್ಟಿನಲ್ಲಿ ಹೇಗಾದರೂ ಹೇಳಿಯಾರು, ಮಾದಪ್ಪನ ಮೇಲೆ ಸುಳ್ಳಾಣೆ ಇಡಲಾರರು. ಶಿಪ್ಪಿಂಗಣ್ಣನೂ ಇಡುವವನಲ್ಲ. ಪ್ರತಿ ಅಮಾವಾಸ್ಯೆಗೂ ಬೆಟ್ಟದಲ್ಲಿರುತ್ತಾನೆ. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ಆ ಹಾಡಿನ ಪುಸ್ತಕಕ್ಕೆ ಅವನು ಗುಜರಿಯವನಿಗೆ 50 ರೂಪಾಯಿ ಕೊಟ್ಟಿದ್ದ. ನನಗೆ ಮಾರಿದ್ದು 45ಕ್ಕೆ. ಅಂದರೆ ಸಾಮಾನಿನಲ್ಲಿ ಲಾಭವಿಲ್ಲ ಅಷ್ಟೇ ಅಲ್ಲ, ಐದು ರೂಪಾಯಿ ಕೈಯಿಂದ ಹೋಗಿದೆ. ಆಣೆ ಅಪ್ಪಟ ಚಿನ್ನ. ಲಾಭವನ್ನೆಲ್ಲ ಅವನು ಅಂಚೆಯ ಕಡೆಗೆ ಸರಿಸಿಟ್ಟಿದ್ದಾನೆ, ಅಂಚೆಯ ಮೇಲೆ ಆಣೆ ಕೇಳಿದವರು ಇದುವರೆಗೆ ಯಾರೂ ಇಲ್ಲ. ದೇವರಿಗೂ ಸುಳ್ಳಾಗದೆ ಹೆಂಡತಿಗೂ ಸುಳ್ಳಾಗದೆ ವ್ಯಾಪಾರ ಮಾಡುವ ಈ ಉಪಾಯ ಹೊಳೆಯಲು ತಲೆ ಬೇಕು. ನಾನಾಗಿದ್ದರೆ ಪುಸ್ತಕಕ್ಕೆ ನೂರೈವತ್ತು ಹೇಳಿ ಪಾಪ ಕಟ್ಟಿಕೊಳ್ಳುತ್ತಿದ್ದೆ.

ಇದು ಕೊಳ್ಳೇಗಾಲದಲ್ಲಿ ಹುಟ್ಟಿದ ವಿದ್ಯೆಯಲ್ಲ ಅನ್ನುವುದನ್ನು ನ್ಯಾಯಕ್ಕಾಗಿ ಹೇಳಬೇಕು. ಅಮೆರಿಕದ ಈಬೇ ಎಂಬ ಹರಾಜು ಕಟ್ಟೆಯಲ್ಲಿ ಕಂಪನಿಯವರು ಸಾಮಾನಿನ ಬೆಲೆಯ ಮೇಲೆ ಮಾತ್ರ ಕಮಿಷನ್ ಹಿಡಿಯುತ್ತಿದ್ದರು, ಅಂಚೆ ವೆಚ್ಚದ ಮೇಲೆ ಇಲ್ಲ. ಮಾರುವವರು ಸುಮ್ಮನಿರುತ್ತಾರೆಯೆ? ಸಾಮಾನು ಒಂದು ಸೆಂಟು, ಅಂಚೆ ಹತ್ತು ಡಾಲರು ಅಂತ ಹಾಕಲು ಶುರುಮಾಡಿದರು. 2011ರಲ್ಲಿ ಕಂಪನಿ ಅಂಚೆ ವೆಚ್ಚದ ಮೇಲೂ ಕಮಿಷನ್ ಹೇರಿದ ಮೇಲೆ ಆ ಆಟದ ರುಚಿ ಕೆಟ್ಟಿತು. ಈಬೇ ನಮ್ಮ ದೇಶಕ್ಕೂ ಬಂದಿತ್ತು, 2004ರಲ್ಲಿ ಬಾಝಿ ಡಾಟ್ ಕಾಮ್ ಕೊಂಡುಕೊಂಡು; 2018ರಲ್ಲಿ ಇಲ್ಲಿಯ ಅಂಗಡಿ ಮುಚ್ಚಿತು. ಅದಕ್ಕೂ ಹಿಂದೆ ಹೋದರೆ, ವಾರಪತ್ರಿಕೆಗಳ ಕೊನೇ ಪುಟದ ಸಣ್ಣ ಜಾಹೀರಾತುಗಳಲ್ಲಿ "ಅಂಚೆ ವೆಚ್ಚ ಪ್ರತ್ಯೇಕ" ಎಂಬ ಮಾತು ಇರುವೆ ಸಾಲಿನಷ್ಟು ಅಕ್ಷರದಲ್ಲಿರುತ್ತಿತ್ತು. ವಿ.ಪಿ.ಪಿ.ಯಲ್ಲಿ ಟ್ರಾನ್ಸಿಸ್ಟರ್ ತರಿಸಲು ಹೋದ ನಮ್ಮ ಚಿಕ್ಕಪ್ಪ ಅದನ್ನು ಪೋಸ್ಟ್‌ಮ್ಯಾನ್ ಎದುರಿಗೆ ನಿಂತ ಮೇಲೆ ಓದಿದ್ದರು.

ಆದರೆ ಶಿಪ್ಪಿಂಗಣ್ಣನ ಗುಂಪಿನಲ್ಲಿ ಕಮಿಷನ್ ಹಿಡಿಯುವವರು ಯಾರೂ ಇಲ್ಲ. ಅಮೆರಿಕದವನು ಕಂಪನಿಗೆ ಹೆದರಿ ಮಾಡಿದ್ದನ್ನು ಇವನು ಮಾದಪ್ಪನಿಗೆ ಹೆದರಿ ಮಾಡುತ್ತಾನೆ. ಕಂಪನಿ ಕಾನೂನು ತಿದ್ದಿತು. ಮಾದಪ್ಪ ಇನ್ನೂ ತಿದ್ದಿಲ್ಲ.

ಅವನು ಪೊಟ್ಟಣ ಕಟ್ಟುವುದನ್ನು ಒಮ್ಮೆ ಅವನ ಮನೆಯಲ್ಲೇ ಕೂತು ನೋಡಿದ್ದೇನೆ. ನೋಡುವಂಥದ್ದೇ ಅದು. ಇಳಿಸಿಕೊಂಡ ಸಾಮಾನು ಒಂದು ಅಂಚೆಚೀಟಿ, ಹಾಸನದ ಡಾಕ್ಟರಿಗೆ. ಅದನ್ನು ಮೊದಲು ಪ್ಲಾಸ್ಟಿಕ್ ಕವರಿಗೆ ಹಾಕಿದ. ಕವರನ್ನು ಮದುವೆ ಕರೆಯೋಲೆಯ ದಪ್ಪ ರಟ್ಟುಗಳ ನಡುವೆ ಇಟ್ಟ. ಒಳಗೆ ಯಾರೋ ಚಿರಂಜೀವಿ ಸೌಭಾಗ್ಯವತಿಯರ ಹೆಸರು ಹಾಗೇ ಇತ್ತು. ಅದಕ್ಕೆ ಪೇಪರ್ ಸುತ್ತಿದ, ಪೇಪರಿನ ಮೇಲೆ ಗುಳ್ಳೆ ಪ್ಲಾಸ್ಟಿಕ್. ಆಮೇಲೆ ಶುರುವಾಯಿತು ಟೇಪು. ಮುಂಗೈಯಿಂದ ಉರುಳೆ ಜಾರಿಸಿ, ತುದಿಯನ್ನು ಹಲ್ಲಲ್ಲಿ ಕಚ್ಚಿ, ಚರ್ ಚರ್ ಅಂತ ಎಳೆದು ಉದ್ದಕ್ಕೆ ಐದು ಸುತ್ತು, ಅಡ್ಡಕ್ಕೆ ಐದು ಸುತ್ತು, ಮೂಲೆಗೆ ಬೇರೆ. ಒಳಗಿರುವ ಅಂಚೆಚೀಟಿ ಒಂದು ಕಾಲದಲ್ಲಿ ಲಕೋಟೆಯ ಮೇಲೆ ಬರೀ ಮೈಯಲ್ಲಿ ಮಳೆ ಬಿಸಿಲು ಅನ್ನದೆ ಊರೂರು ತಿರುಗಿತ್ತು. ಈಗ ಅದಕ್ಕೆ ಉಸಿರಾಡಲೂ ಜಾಗವಿರಲಿಲ್ಲ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟ. 112 ಗ್ರಾಂ.

"ನೋಡಿದ್ರಾ ತೂಕವ?" ಅಂದ. "ಈಗ ಹೇಳಿ, 180 ಜಾಸ್ತಿನಾ?"

ಒಳಗಿಂದ ಅವನ ಹೆಂಡತಿ ಕೂಗಿದಳು: "ಆ ತಕ್ಕಡಿಲಿ ನಾನು ಮೆಂತ್ಯ ತೂಗ್ಬೇಕು, ಅಂಟು ಒರ್ಸಿ ಇಡಿ." ಆ ಮನೆಯಲ್ಲಿ ಹ್ಯಾಂಡ್ಲಿಂಗ್ ಚಾರ್ಜು ನ್ಯಾಯವಾಗಿ ಯಾರಿಗೆ ಸಲ್ಲಬೇಕು ಅನ್ನುವುದು ನನಗೆ ಆಗ ಹೊಳೆಯಿತು.

ನನ್ನ 180ರ ವಿಷಯಕ್ಕೆ ಬರುತ್ತೇನೆ. ನಾನೂ ಸುಮ್ಮನೆ ಬಿಡಲಿಲ್ಲ. 2020ರ ಇ-ಕಾಮರ್ಸ್ ನಿಯಮಗಳನ್ನು ಹುಡುಕಿ ತೆಗೆದು, ಮಾರುವವನು ಅಂಚೆ, ಸಾಗಣೆ ಎಲ್ಲ ಸೇರಿಸಿ ಒಟ್ಟು ಬೆಲೆಯನ್ನು ಮೊದಲೇ ತೋರಿಸಬೇಕೆಂದು ಅದರಲ್ಲಿರುವುದನ್ನು ಅವನಿಗೆ ಫೋನಿನಲ್ಲೇ ಓದಿದೆ. ಪೂರ್ತಿ ಕೇಳಿಸಿಕೊಂಡ. "ಚೆನ್ನಾಗದೆ ಸಾ," ಅಂದ. "ನೀವು ಕಾನೂನ್ ತಿಳ್ಕಂಡೋರು. ನಿಮ್ಗೆ 170 ಮಾಡ್ತೀನಿ, ಗುಂಪಲ್ಲಿ ಯಾರ್ಗೂ ಹೇಳ್ಬೇಡಿ."

ಆಮೇಲೆ ಚರಿತ್ರೆ ಎತ್ತಿದೆ. ನಮ್ಮಜ್ಜನ ಕಾಲಕ್ಕೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿಗೆ. 1956ರ ನವೆಂಬರ್ 1ರವರೆಗೂ ನಡುವೆ ಗಡಿ ಇತ್ತು. ಯಳಂದೂರಿನ ಕಡೆ ಹಿಂದೆ ಅರಸರದೇ ಮೈಸೂರು ಅಂಚೆ. ಅದು 1889ರಲ್ಲಿ ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು. "ಆ ಗಡಿ ಹೋಗಿ ಎಪ್ಪತ್ತು ವರ್ಷ ಆಗ್ತಾ ಬಂತಪ್ಪ, ನೀನು ಇನ್ನೂ ಅಲ್ಲೇ ಚೌಕಿ ಹಾಕಿಕೊಂಡು ಸುಂಕ ಎತ್ತುತ್ತಾ ಇದ್ದೀಯ" ಅಂದೆ. ಇದು ತಪ್ಪಾಯಿತು. ಅವನಿಗೆ ಆ ಗಡಿಯ ವಿಷಯ ಗೊತ್ತಿರಲಿಲ್ಲ. ಮರುದಿನದಿಂದ ಹಳೇ ಮದ್ರಾಸ್ ಸರ್ಕಾರದ ಛಾಪಾ ಕಾಗದಗಳು ಚಂದ್ರಿಕೆಯ ಮೇಲೆ ಬರತೊಡಗಿದವು, "ಅಪರೂಪದ ಗಡಿನಾಡು ದಾಖಲೆ" ಎಂಬ ಹೆಸರಿನಲ್ಲಿ.

ಕೊನೆಗೆ ಒಂದು ದಾರಿ ಹೇಳಿದೆ. "ಶನಿವಾರ ನಾನೇ ಕೊಳ್ಳೇಗಾಲಕ್ಕೆ ಬರ್ತೀನಿ. ಕೈಗೇ ಕೊಡು. ಅಂಚೆ ಇಲ್ಲ, ಶಿಪ್ಪಿಂಗ್ ಇಲ್ಲ."

ಎರಡು ನಿಮಿಷ ಉತ್ತರವಿಲ್ಲ. ಅವನ ಧರ್ಮಶಾಸ್ತ್ರದಲ್ಲಿ ಇದಕ್ಕೆ ವಿಧಿ ಇರಲಿಲ್ಲವೆಂದು ಕಾಣುತ್ತದೆ. ಆಮೇಲೆ, "ಪ್ಯಾಕ್ ಮಾಡ್ಬುಟ್ಟಿದೀನಲ್ಲ ಸಾ" ಅಂದ. ದನಿ ನಿಜವಾಗಿಯೂ ನೊಂದಿತ್ತು. ನಾನು 215 ಕಳಿಸಿದೆ. ಚಟಕ್ಕೆ ಬಿದ್ದವನ ಕೈಯಲ್ಲಿ ತಕ್ಕಡಿ ಇರುವುದಿಲ್ಲ.

ಪುಸ್ತಕ ಅಂಚೆಯಲ್ಲಿ ಬರಲಿಲ್ಲ. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಬಾಗಿಲಲ್ಲಿ ಬೈಕು ನಿಂತಿತು. ಅವನಿಗೆ ಸಂತೇಮರಹಳ್ಳಿಯಲ್ಲಿ ಅಕ್ಕನ ಮನೆ, ಹೋಗುವ ದಾರಿ ನಮ್ಮೂರ ಮೇಲೇ. ಟೇಪು ಸುತ್ತಿದ ಇಟ್ಟಿಗೆಯಂಥದ್ದೊಂದನ್ನು ನನ್ನ ಕೈಗಿಟ್ಟು, "ಅಣ್ಣಾವ್ರು ಬಂದವ್ರೆ ಸಾ" ಅಂದ. ಕೂರಿಸಿ ಕಾಫಿ ಕೊಟ್ಟೆವು. ಕೊಟ್ಟೂ ಕೊಟ್ಟೂ ಬರಿಗೈಯಾದ ನಾಯಕನ ಕಥೆಯ ಪುಸ್ತಕವನ್ನು ನಮ್ಮ ಮಧ್ಯೆ ಟೀಪಾಯಿಯ ಮೇಲಿಟ್ಟುಕೊಂಡು ಇಬ್ಬರೂ ಹವಾಮಾನದ ವಿಷಯ ಮಾತಾಡಿದೆವು. ಶಿಪ್ಪಿಂಗಿನ 170ರ ಸುದ್ದಿ ಅವನು ಎತ್ತಲಿಲ್ಲ. ನಾನು ಎತ್ತಲು ಬಾಯಿ ತೆರೆದೆ, ಅಷ್ಟರಲ್ಲಿ ಅವನೇ, "ಪೆಟ್ರೋಲು ನೂರು ದಾಟಿ ಏಸ್ ಕಾಲಾಯ್ತು ಅಲ್ವಾ ಸಾ" ಅಂದ. ಬಾಯಿ ಮುಚ್ಚಿಕೊಂಡೆ.

ಹೊರಡುವಾಗ ಬೈಕಿನ ಹ್ಯಾಂಡಲಿಗೆ ನೇತುಹಾಕಿದ್ದ ಚೀಲ ಬಿಚ್ಚಿ ನನ್ನ ಹೆಂಡತಿಯ ಮುಂದೆ ಇಟ್ಟ. ಅವನ ಹೊಲದ ಅವರೇಕಾಯಿ, ಬೆಳಗಿನ ಮಂಜು ಇನ್ನೂ ಸೊಗಡಿನ ಮೇಲಿತ್ತು. "ಇಸ್ಕಬೇಕು ಕನಕ್ಕ, ಬ್ಯಾಡ ಅನ್ಬಾರ್ದು" ಅಂದವನೇ ಗಾಡಿ ಸ್ಟಾರ್ಟ್ ಮಾಡಿದ.

ಅವನು ತಿರುವು ದಾಟಿದ ಮೇಲೆ ಎರಡನ್ನೂ ತೂಗಿದೆ. ಪೊಟ್ಟಣ 134 ಗ್ರಾಂ, ಅದರಲ್ಲಿ ಪುಸ್ತಕ 18. ಅವರೇಕಾಯಿ ಮೂರು ಕೆ.ಜಿ. ಮೇಲೆ ಇನ್ನೂರು ಗ್ರಾಂ. ಅದಕ್ಕೆ ಶಿಪ್ಪಿಂಗ್ ಹಾಕಿರಲಿಲ್ಲ.