ರವಿಕೆ ಪೀಸಿನ ಸೆಮಿನಾರು

ಹಿರಿಯರ ಮುಂದೆ ಬಾಯಿ ಬಿಡದ ಹುಡುಗನಿಗೆ ನಮ್ಮೂರು ಯಲ್ಲದಕೆರೆಯಲ್ಲಿ ಒಳ್ಳೇ ಹೆಸರು. ಮೈಸೂರಿನ ಸೆಮಿನಾರಿನಲ್ಲಿ ಅದೇ ಹುಡುಗನಿಗೆ ಸೊನ್ನೆ. ಮಾನವಶಾಸ್ತ್ರ ಎಂ.ಎ.ಯ ಆ ಪತ್ರಿಕೆಗೆ ಪಾಠವೆಂಬುದೇ ಇರಲಿಲ್ಲ. ಓದಿಕೊಂಡು ಬರಬೇಕು, ದುಂಡಗೆ ಕೂರಬೇಕು, ಮಾತಾಡಬೇಕು, ಅಂಕವೆಲ್ಲ ಮಾತಿಗೆ. ಮೇಷ್ಟ್ರು ಮಾತ್ರ ಮಾತಾಡುತ್ತಿರಲಿಲ್ಲ. “ಹಾಗಂತೀರಾ?” ಎಂದು ಕೇಳಿ ಸುಮ್ಮನಾಗುತ್ತಿದ್ದರು. ಅಷ್ಟಕ್ಕೇ ಎಂಥ ವಾಚಾಳಿಯೂ ಕನ್ನಡಕ ಒರೆಸಿಕೊಳ್ಳಲು ಶುರು ಮಾಡುತ್ತಿದ್ದ.

ಸಹಪಾಠಿಗಳು ಬಹುಪಾಲು ಪೇಟೆಯವರು. ಪುಟದಲ್ಲಿ ಹಳ್ಳಿ, ಜಾತ್ರೆ, ಹಟ್ಟಿ ಎಂದು ಬಂದರೆ ಸಾಕು, ಅಷ್ಟೂ ಕತ್ತು ನನ್ನ ಕಡೆ ತಿರುಗುತ್ತಿದ್ದವು. ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಹಳ್ಳಿಯ ಅಧ್ಯಯನಕ್ಕೆಂದು ಹೋಗಿ ಕೂತದ್ದು ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ; ಬರೆಯುವಾಗ ಅದಕ್ಕೆ ರಾಮಪುರ ಎಂದು ಹೆಸರಿಟ್ಟರು. ಅದು ಭತ್ತದ ನಾಡು. ನಮ್ಮದು ಮೋಡ ನೋಡಿ ಶೇಂಗಾ ಬಿತ್ತುವ ಹಿರಿಯೂರು ತಾಲ್ಲೂಕು. ಆದರೂ “ನಿಮ್ಮೂರಲ್ಲೂ ಹೀಗೇನಾ?” ಎಂಬ ಪ್ರಶ್ನೆ ತಪ್ಪದು. ಫೀಸು ಕಟ್ಟಿದ್ದು ವಿದ್ಯಾರ್ಥಿಯಾಗಿ, ಕೂತದ್ದು ಸಾಕ್ಷಿಯಾಗಿ. (ಶ್ರೀನಿವಾಸರ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನ ಬೆಂಕಿಗೆ ಸಿಕ್ಕ ಮೇಲೆ ಅವರು ಹೆಚ್ಚಾಗಿ ನೆನಪಿನಿಂದಲೇ ಆ ಊರಿನ ಪುಸ್ತಕ ಬರೆದರಂತೆ. ನನಗೋ, ಹಿಂದಿನ ರಾತ್ರಿ ಓದಿದ್ದು ಬೆಂಕಿಯಿಲ್ಲದೆಯೇ ಬೂದಿಯಾಗುತ್ತಿತ್ತು.)

ಮಲಿನೋವ್ಸ್ಕಿಯ ವಾರ ಬಂತು. ಟ್ರೋಬ್ರಿಯಾಂಡ್ ದ್ವೀಪಗಳ ‘ಕುಲಾ’ ಬಗ್ಗೆ ಆತ 1922ರಲ್ಲಿ ಬರೆದ ಪುಸ್ತಕ. ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಒಂದು ದಿಕ್ಕಿನಲ್ಲಿ ಸುತ್ತುತ್ತವೆ, ಬಿಳಿ ಚಿಪ್ಪಿನ ತೋಳ್ಬಳೆಗಳು ಎದುರು ದಿಕ್ಕಿನಲ್ಲಿ. ಯಾರೂ ಇಟ್ಟುಕೊಳ್ಳುವಂತಿಲ್ಲ. ಇಂಥದ್ದಕ್ಕೆ ಪ್ರಾಣ ಪಣಕ್ಕಿಟ್ಟು ಸಮುದ್ರ ದಾಟುವುದೇಕೆ? ಒಬ್ಬ ಅಧಿಕಾರ ಅಂದ, ಒಬ್ಬಳು ಸಂಕೇತ ಅಂದಳು. ಗಂಟೆ ಕಳೆಯಿತು. ನನ್ನ ಬಾಯಿಂದ “ರವಿಕೆ ಪೀಸು” ಎಂದು ಬಂದುಬಿಟ್ಟಿತು.

ವಿವರಿಸಲೇಬೇಕಾಯಿತು. ಗೃಹಪ್ರವೇಶ, ಸೀಮಂತ, ಗೌರಿಹಬ್ಬ, ಯಾವುದೇ ಇರಲಿ, ಮನೆಗೆ ಬಂದ ಮುತ್ತೈದೆಗೆ ಎಲೆ ಅಡಿಕೆ, ಕಾಯಿಯ ಜೊತೆ ಒಂದು ರವಿಕೆ ಪೀಸು. ಅದನ್ನು ಹೊಲಿಸಿ ತೊಟ್ಟವರನ್ನು ನಾನು ಕಂಡಿಲ್ಲ. ನಮ್ಮವ್ವನ ಟ್ರಂಕಿಗೆ ಹೋಗುತ್ತದೆ, ಅಲ್ಲಿಂದ ಐಮಂಗಲಕ್ಕೆ, ಐಮಂಗಲದಿಂದ ಹೊಸದುರ್ಗಕ್ಕೆ. ಒಂದು ತೋಳಿಗೆ ಸಾಲದ ಬಟ್ಟೆ ಮೂರು ಊರಿಗೆ ಸಾಲುತ್ತದೆ. ದುಡ್ಡಿನ ಮುಯ್ಯಿಗಾದರೆ ಪುಸ್ತಕವುಂಟು, 101 ಕೊಟ್ಟವರ ಹೆಸರು ಅದರಲ್ಲಿರುತ್ತದೆ. ಪೀಸಿನ ಲೆಕ್ಕವೆಲ್ಲ ಅವ್ವನ ತಲೆಯಲ್ಲಿ. ಕೊಟ್ಟವರ ಪೀಸು ಕೊಟ್ಟವರ ಮಡಿಲಿಗೇ ಮರಳಿದರೆ ಮಾನ ಉಳಿಯುತ್ತದೆಯೇ?

“ಹಾಗಂತೀರಾ? ಆಧಾರ?” ಅಂದರು ಮೇಷ್ಟ್ರು.

“ನಮ್ಮವ್ವ, ಸಾರ್.”

ಎಲ್ಲರೂ ನಕ್ಕರು, ಅವರು ನಗಲಿಲ್ಲ. “ಕೊಟ್ಟದ್ದು ಮರಳಲೇಬೇಕಾದ್ದು ಯಾಕೆ ಅಂತ 1925ರಲ್ಲಿ ಮಾರ್ಸೆಲ್ ಮೋಸ್ ಕೇಳಿದ. ನೀವು ನಿಮ್ಮ ತಾಯಿಯನ್ನ ಕೇಳಿ. ಯಾರಾದರೂ ಹೊಲಿಸಿಬಿಟ್ಟರೆ ಏನಾಗುತ್ತೆ?”

ರಾತ್ರಿ ಫೋನಿನಲ್ಲಿ ಕೇಳಿದೆ. ಅವ್ವ ಗಾಬರಿಯಾದಳು. “ಯಾರ್ಲಾ ಹೊಲಿಸ್ಕೊಂಡೋರು?”

ಸಿದ್ಧಾಂತ ಹೇಳಿದೆ. ದ್ವೀಪದವರ ಬಗ್ಗೆ ಅವಳಿಗೆ ಗೌರವ ಹುಟ್ಟಿತು, ಎರಡು ತಾಸು ಚರ್ಚಿಸಿದ ನಮ್ಮ ಬಗ್ಗೆ ಇಲ್ಲ. ಊರಿನಿಂದ ಬರುವವರ ಕೈಯಲ್ಲಿ ಮೇಷ್ಟ್ರ ಮನೆಯವರಿಗೆಂದು ಒಂದು ಹಸಿರು ಪೀಸು ಕಳಿಸಿಯೇಬಿಟ್ಟಳು. “ಹೊಲಿಸ್ಕಂತಾರಾ ನೋಡು.”

ದೀಪಾವಳಿ ರಜೆಗೆ ಹೊರಟಾಗ ಮೇಷ್ಟ್ರ ಮನೆಯವರು ಅವ್ವನಿಗೆಂದು ಒಂದು ಪೊಟ್ಟಣ ಕೊಟ್ಟರು. ಒಳಗೆ ನೇರಳೆ ಬಣ್ಣದ ಪೀಸು. ಅವ್ವ ಬೆರಳ ನಡುವೆ ತಿಕ್ಕಿ ನೋಡಿದಳು.

“ನಾನು ಕೊಟ್ಟಿದ್ದಕ್ಕಿಂತ ವಸಿ ತೆಳ್ಳಗೈತೆ,” ಅಂದಳು. “ಆದ್ರೂ ತಿಳಿದೋರು ಕಣ್ಲಾ.”