ಕೆಟ್ಟಿದ್ದಲ್ಲ, ಕೊಳೆ

ಸ್ಪೂಲ್ ಟೇಪ್ ರೆಕಾರ್ಡರಿನಷ್ಟು ಬಾಯಿಬಿಟ್ಟು ತನ್ನ ಕಾಯಿಲೆ ಹೇಳಿಕೊಳ್ಳುವ ಯಂತ್ರ ನನಗೆ ತಿಳಿದಂತೆ ಇನ್ನೊಂದಿಲ್ಲ. ಮೊಬೈಲು ಕೆಟ್ಟರೆ ಮುಖ ಕಪ್ಪಗೆ ಮಾಡಿಕೊಂಡು ಮೌನವ್ರತ ಹಿಡಿಯುತ್ತದೆ. ಸ್ಪೂಲ್ ಯಂತ್ರಕ್ಕೆ ಆ ಬಿಗುಮಾನವಿಲ್ಲ. ಹಾಡು ಮಂಕಾಯಿತೇ, ಟೇಪಿನಿಂದ ದನಿ ಓದುವ ಹೆಡ್ಡಿನ ಮೇಲೆ ಕೊಳೆ ಕೂತಿದೆ. ದನಿ ಜೋಲಿ ಹೊಡೆಯಿತೇ, ಟೇಪನ್ನು ಒತ್ತಿ ಓಡಿಸುವ ಪಿಂಚ್ ರೋಲರಿನ ರಬ್ಬರು ಗಟ್ಟಿಯಾಗಿದೆ, ಇಲ್ಲವೇ ಬೆಲ್ಟು ಸಡಿಲವಾಗಿದೆ. ಹಾಡಿಲ್ಲದಾಗಲೂ ಗುಂಯ್ ಎನ್ನುತ್ತಿದ್ದರೆ ಪವರ್ ಸಪ್ಲೈಯ ಕೆಪಾಸಿಟರು ಒಣಗಿರಬೇಕು. ಸ್ಟಾಪ್ ಒತ್ತಿದಾಗ ಟೇಪು ಹೊರಚೆಲ್ಲಿದರೆ ಬ್ರೇಕಿನ ಕಡೆ ನೋಡಿ. ಇಂಥ ಪ್ರಾಮಾಣಿಕ ರೋಗಿಯನ್ನು ಗುಜರಿಗೆ ಹಾಕುವವರ ಮೇಲೆ ನನ್ನ ತಕರಾರು ಒಂದೇ: ಬಹಳಷ್ಟು ಸಲ ಅದು ಕೆಟ್ಟಿರುವುದಿಲ್ಲ, ಒರೆಸಿರುವುದಿಲ್ಲ, ಅಷ್ಟೆ.

ಇದು ಹಳೆಯದರ ಮೇಲಿನ ಮೋಹದ ಮಾತಲ್ಲ, ಲೆಕ್ಕದ ಮಾತು. ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡುವಾಗ 10,000 ಹರ್ಟ್ಸಿನ ಒಂದು ಅಲೆ ಅದರ ಮೇಲೆ ಹಿಡಿಯುವ ಜಾಗ 19 ಮೈಕ್ರಾನು. ಟೇಪಿಗೂ ಹೆಡ್ಡಿಗೂ ನಡುವೆ ಬರೀ 2 ಮೈಕ್ರಾನು ಕೊಳೆ ಸೇರಿದರೆ ಆ ದನಿ ಹೆಚ್ಚುಕಡಿಮೆ 6 ಡೆಸಿಬೆಲ್ ಕುಸಿದು, ಬರುವ ಸಿಗ್ನಲ್ಲು ಅರ್ಧವಾಗುತ್ತದೆ. ಕಂಸಾಳೆಯ ಝಣಝಣ ಹೋಗಿ ಬರೀ ಬಡಿತ ಉಳಿಯುವುದು ಹೀಗೆ. ಮದ್ದು ಅಗ್ಗ: ಐಸೊಪ್ರೊಪೈಲ್ ಆಲ್ಕೊಹಾಲು, ಹತ್ತಿ ಸುತ್ತಿದ ಕಡ್ಡಿ. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಉಜ್ಜಬೇಕು. ಆ ಕಂದು ಐರನ್ ಆಕ್ಸೈಡು, ಸರಳವಾಗಿ ತುಕ್ಕು. ಯಾರೋ ಹಾಡಿದ್ದರ ಪುಡಿ ಎಂದರೂ ಸರಿ. ರಬ್ಬರಿನ ರೋಲರಿಗೆ ಮಾತ್ರ ಸೋಪಿನ ನೀರೇ ಸಾಕು, ಆಲ್ಕೊಹಾಲಿನ ಸಹವಾಸ ಅದಕ್ಕೂ ಒಳ್ಳೆಯದಲ್ಲ. ಹೆಡ್ಡಿಗೆ ಹತ್ತಿದ ಕಾಂತ ಇಳಿಸುವಾಗ ಯಂತ್ರ ಆರಿರಬೇಕು, ಟೇಪುಗಳು ಬೇರೆ ಕೋಣೆಯಲ್ಲಿರಬೇಕು. ಡಿಮ್ಯಾಗ್ನೆಟೈಸರನ್ನು ದೂರದಲ್ಲೇ ಹಚ್ಚಿ, ಹತ್ತಿರ ತಂದು, ನಿಧಾನವಾಗಿ ಒಂದು ಮಾರು ಹಿಂದೆ ಸರಿದ ಮೇಲೆ ಆರಿಸಬೇಕು. ಆತುರಗಾರರು ಹೆಡ್ಡಿನ ಬಳಿಯೇ ಸ್ವಿಚ್ಚು ಆರಿಸಿ, ಇಳಿಸಲು ಹೋದ ಕಾಂತವನ್ನು ತುಂಬಿ ಬರುತ್ತಾರೆ.

ಯಂತ್ರ ಒರೆಸಿದ್ದಾಯಿತು, ಟೇಪೇ ಅಂಟಿಕೊಂಡು ಕಿರುಗುಟ್ಟಿದರೆ? ನ್ಯಾಯವಾದ ಪ್ರಶ್ನೆ. 1970-80ರ ದಶಕಗಳ ಕೆಲವು ಟೇಪುಗಳಲ್ಲಿ ಆಕ್ಸೈಡನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಕುಡಿದು ಜಿಗುಟಾಗುತ್ತದೆ. ಅವನ್ನು 50ರಿಂದ 54 ಡಿಗ್ರಿ ಶಾಖದಲ್ಲಿ ಸುಮಾರು 8 ಗಂಟೆ ಇಟ್ಟರೆ ಕೆಲವು ವಾರಗಳ ಮಟ್ಟಿಗೆ ಸುಧಾರಿಸುತ್ತವೆ. ಅಷ್ಟರೊಳಗೆ ನಕಲು ತೆಗೆದುಕೊಳ್ಳಬೇಕು. ಶಾಖ ಕಾಯುವ ವಿದ್ಯೆಯನ್ನು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಯಾರೂ ಕಲಿಸಬೇಕಿಲ್ಲ. ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪು ತರುವ ರೈತ ಸೊಪ್ಪು ಹದಮಾಡುವ ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು ಮಾಡುವುದೂ ಇದನ್ನೇ: ಎಲೆ ಹಳದಿ ತಿರುಗಲು ಒಂದು ಶಾಖ, ಒಣಗಲು ಇನ್ನೊಂದು. ಹಾಗೆಂದು ಟೇಪನ್ನು ಸೊಪ್ಪಿನ ಜೊತೆ ನೇತುಹಾಕಬೇಡಿ. ಕೊನೆಗೆ ದಂಟು ಒಣಗಿಸಲು 70 ಡಿಗ್ರಿಗೆ ಏರಿಸುವ ಹೊತ್ತಿಗೆ ಅದು ಯಾವ ಗ್ರೇಡಿಗೂ ಸೇರದ ಮಾಲಾಗಿರುತ್ತದೆ. ಈ ಜಿಗುಟು ಟೇಪುಗಳಿಗಿಂತ ಹಳೆಯ ಅಸಿಟೇಟ್ ಟೇಪಿಗಂತೂ ಶಾಖ ತೋರಿಸಲೇಬಾರದು. ಸುರುಳಿಯನ್ನು ಬೆಳಕಿಗೆ ಅಡ್ಡ ಹಿಡಿದಾಗ ಬೆಳಕು ತೂರಿ ಬಂದರೆ ಅದು ಅಸಿಟೇಟು.

ಇಷ್ಟೆಲ್ಲ ಒದ್ದಾಟ ಯಾಕೆ, ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಯಂತ್ರವನ್ನು ಬಿಸಾಕಿ ಎನ್ನುವವರಿದ್ದಾರೆ. ಇಳಿಸುವುದಕ್ಕೂ ಅದೇ ಯಂತ್ರವೇ ಬೇಕಲ್ಲ! ಕೊಳೆ ಹೆಡ್ಡಿನಿಂದ ಇಳಿಸಿದರೆ ಕೊಳೆಯೇ ಶಾಶ್ವತವಾಗುತ್ತದೆ. ಟೇಪೇನು ಅಷ್ಟು ಬೇಗ ಸಾಯುವುದಲ್ಲ. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಆರಂಭಿಸಿದ್ದು 1935ರ ಸೆಪ್ಟೆಂಬರಿನಲ್ಲಿ. ಅದರ ಹಿಂದಿನ ತಿಂಗಳಷ್ಟೇ ಮ್ಯಾಗ್ನೆಟೊಫೋನ್ ಎಂಬ ಟೇಪ್ ಯಂತ್ರ ಬರ್ಲಿನ್ನಿನ ರೇಡಿಯೊ ಮೇಳದಲ್ಲಿ ಜನರೆದುರು ಬಂದಿತ್ತು. ಮರುವರ್ಷ ಜರ್ಮನಿಯಲ್ಲಿ ಟೇಪಿಗೆ ಹಿಡಿದ ಲಂಡನ್ ಫಿಲ್ಹಾರ್ಮೋನಿಕ್ ಕಛೇರಿ ಇವತ್ತಿಗೂ ಕೇಳಲು ಸಿಗುತ್ತದೆ. ಟೇಪಿನ ಆಯುಷ್ಯ ಗಟ್ಟಿ, ನಮ್ಮ ಸೋಮಾರಿತನ ಅದಕ್ಕಿಂತ ಗಟ್ಟಿ. ಒಂದನ್ನು ಒಪ್ಪುತ್ತೇನೆ: ಹೆಡ್ಡೇ ಸವೆದು ಹಳ್ಳ ಬಿದ್ದಿದ್ದರೆ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ಉಗುರಾಡಿಸಿ ನೋಡಿ, ಹಳ್ಳದ ಅಂಚು ತಗುಲಿದರೆ ಉಜ್ಜಿಸಿ ಸಮ ಮಾಡಿಸಬೇಕು, ಇಲ್ಲವೇ ಹೆಡ್ಡು ಬದಲಿಸಬೇಕು. ಆದರೆ ಉಗುರಾಡಿಸುವ ಮೊದಲು ಒಮ್ಮೆ ಒರೆಸಿಬಿಡಿ, ತಗುಲಿದ್ದು ಕೊಳೆಯೂ ಆಗಿರಬಹುದು.