ಕನ್ನಡಿ ಹೆಂಚಿನ ಕಾರು

ಕರಾವಳಿಯ ಜಾತ್ರೆಗಳ ಲೆಕ್ಕ ಹೇಳುವ ಒಂದು ತುಳು ಮಾತುಂಟು: ‘ಎರ್ಮಾಳ್ ಜಪ್ಪು, ಖಂಡೇವು ಅಡೆಪು.’ ನಮ್ಮ ಎರ್ಮಾಳಿನ ಜನಾರ್ದನ ದೇವರ ಜಾತ್ರೆಯೊಂದಿಗೆ ಉತ್ಸವಗಳು ಶುರುವಾದರೆ, ಮೇ ತಿಂಗಳ ನಡುವೆ ಚೇಳಾರಿನ ಖಂಡಿಗೆಯಲ್ಲಿ ಜನ ನಂದಿನಿ ಹೊಳೆಗಿಳಿದು ಮೀನು ಹಿಡಿದಲ್ಲಿಗೆ ಮುಗಿಯುತ್ತವೆ. ಸನ್‌ರೂಫ್ ಇರುವ ಕಾರಿಗೂ ಈ ಊರಲ್ಲಿ ಇದೇ ಪಂಚಾಂಗ ಎಂಬುದು ನನ್ನ ಖಚಿತ ಅಭಿಪ್ರಾಯ. ಖಂಡೇವು ಕಳೆದ ಮೇಲೆ ಅದನ್ನು ತೆರೆಯುವವರು ಒಳಗೆ ಕೊಡೆ ಬಿಚ್ಚಿ ಕೂರಬೇಕು. ಅದಕ್ಕೆ ಮೊದಲಾದರೂ ಸುಖ ಉಂಟೇ? ಏಪ್ರಿಲ್ ಬಿಸಿಲಿಗೆ ನೆತ್ತಿ ಕಾಯುತ್ತದೆ, ಹೆದ್ದಾರಿ 66ಕ್ಕೆ ಹತ್ತಿದರೆ ಮುಂದಿನ ಲಾರಿಯ ಧೂಳೆಲ್ಲ ತಲೆಗೆ. ಒಟ್ಟಿನಲ್ಲಿ ಎರ್ಮಾಳಿನಲ್ಲಿ ಸನ್‌ರೂಫ್ ತೆರೆಯಲು ಪ್ರಶಸ್ತ ಮುಹೂರ್ತವೆಂದರೆ ಚಳಿಗಾಲದ ಸಂಜೆ, ಬಿಸಿಲು ಇಳಿದ ಮೇಲೆ ಸೊಳ್ಳೆ ಏಳುವುದರೊಳಗೆ.

ಆದರೂ ಭಾವ ಸನ್‌ರೂಫಿನ ಕಾರನ್ನೇ ತೆಗೆದರು. ಭಾವ ಇರುವುದು ಮುಂಬೈಯಲ್ಲಿ. ಕಾರು ಇರುವುದು ಎರ್ಮಾಳಿನಲ್ಲಿ, ನಮ್ಮ ಅಂಗಳದ ಗಾಳಿಮರದ ಬುಡದಲ್ಲಿ. ಕೋಲ, ಮದುವೆ, ಬ್ರಹ್ಮಕಲಶ ಎಂದು ಊರಿಗೆ ಬಂದಾಗ ಅವರಿಗೆ ಓಡಾಡಲು ಬೇಕು. ಉಳಿದ ದಿನಗಳಲ್ಲಿ ಅದರ ಯೋಗಕ್ಷೇಮ ನನ್ನದು. ಬ್ಯಾಟರಿ ಸಾಯದಂತೆ ಆಗಾಗ ಸ್ಟಾರ್ಟ್ ಮಾಡಿ ಪಡುಬಿದ್ರಿಗೋ ಕಾಪುವಿಗೋ ಕರೆದುಕೊಂಡು ಹೋಗಿ ಬರಬೇಕು.

ಜೂನ್‌ನಲ್ಲಿ ಹಾಗೆ ಕಾಪುವಿಗೆ ಹೊರಟಾಗ ಪಕ್ಕದ ಸೀಟಿನಲ್ಲಿ ಅತ್ತೆ ಇದ್ದರು. ಮಳೆ ಆಗಷ್ಟೇ ನಿಂತಿತ್ತು. ಉಚ್ಚಿಲದಲ್ಲಿ ದನ ಅಡ್ಡ ಬಂತು, ಬ್ರೇಕ್ ಒತ್ತಿದೆ. ತಲೆಯ ಮೇಲಿನ ದೀಪದ ಸಂದಿಯಿಂದ ಒಂದು ಚೆಂಬು ತಣ್ಣೀರು ಸುರಿದು ಇಬ್ಬರಿಗೂ ಸಮಪಾಲಾಗಿ ಅಭಿಷೇಕವಾಯಿತು. ಅತ್ತೆ ಕಿಟಕಿಯಿಂದ ಹೊರಗೆ ಕೈಚಾಚಿ ನೋಡಿದರು. “ಹೊರಗೆ ಮಳೆ ಬಿಟ್ಟಿದೆಯಲ್ಲ, ಇದು ಎಲ್ಲಿಯದ್ದು?”

ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಹೊಯ್ಯುವ ಜಿಲ್ಲೆಯಲ್ಲಿ ಸೋರುವ ಮಾಡಿಗೆ ಸಲಹೆ ಕೊಡಲು ಬಾರದವರಿಲ್ಲ. ಒಬ್ಬರು ಎಂಸೀಲ್ ಮೆತ್ತಿ ಎಂದರು. ಇನ್ನೊಬ್ಬರು ಟೆರೇಸಿಗೆ ಹಾಕಿ ಉಳಿದ ಡಾಮರು ಟೇಪಿನ ಸುರುಳಿಯನ್ನೇ ಹಿಡಿದುಕೊಂಡು ಬಂದರು. ಮೂರನೆಯವರದು ಟರ್ಪಾಲು. ಗ್ಯಾರೇಜೊಂದರಲ್ಲಿ ಗಾಜು, ಚೌಕಟ್ಟು ಎಲ್ಲ ಬದಲಿಸಬೇಕೆಂದು ಒಂದು ಮೊತ್ತ ಹೇಳಿದರು. ಅಷ್ಟು ದುಡ್ಡಿಗೆ ನಮ್ಮ ಮನೆಯ ಹಿಂಬದಿಯ ಮಾಡನ್ನು ಬಿಚ್ಚಿ ಹೊಸತಾಗಿ ಹೊದೆಸಬಹುದು. ಎಲ್ಲರ ಸಿದ್ಧಾಂತವೂ ಒಂದೇ: ತೂತು ಮುಚ್ಚು. ಅಷ್ಟರವರೆಗೆ ಸೀಟಿಗೆ ಹಳೆಯ ಉದಯವಾಣಿ ಹಾಸಿದೆವು. ಮೊದಲ ಪುಟದ ಆರೆಂಜ್ ಅಲರ್ಟ್ ತಲೆಬರಹ ಸೀಟಿನ ಬಟ್ಟೆಯಲ್ಲಿ ತಿರುವುಮುರುವಾಗಿ ಅಚ್ಚೊತ್ತಿ ಕುಳಿತಿತು. ಆಟಿ ಬರುವ ಮೊದಲೇ ಹಿಂದಿನ ಸೀಟಿನಲ್ಲಿ ಬೂಷ್ಟು.

ಪರಿಹಾರ ಬಂದದ್ದು ಮೀನಿನ ಪಿಕಪ್ಪಿನಿಂದ. ನೆರೆಮನೆಯ ಹುಡುಗ ಮಲ್ಪೆ ಬಂದರಿನಿಂದ ಪಿಕಪ್ಪಿನಲ್ಲಿ ಮೀನು ಸಾಗಿಸುವವನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲವಾದ್ದರಿಂದ ಪಿಕಪ್ಪಿಗೂ ಅವನಿಗೂ ಒಟ್ಟಿಗೆ ರಜೆ. ಅವನ ವಾಹನವೂ ಸೋರುತ್ತದೆ, ಕೆಳಗಿನಿಂದ. ಹಿಂದೆ ಬೈಕಿನಲ್ಲಿ ಬರುವವರು ಮೀನುನೀರಿಗೆ ಮೈಯೊಡ್ಡಿ ಬೈಯುತ್ತಾರೆ. ಸೋರಿಕೆಯ ವಿಷಯದಲ್ಲಿ ಅವನಷ್ಟು ಅನುಭವಿ ಈ ಊರಲ್ಲಿ ಬೇರೆ ಇಲ್ಲ.

“ಅಣ್ಣ, ನೀರು ಬಂದದ್ದು ದೊಡ್ಡ ವಿಷಯ ಅಲ್ಲ. ಹೋಗ್ಲಿಕ್ಕೆ ದಾರಿ ಉಂಟಾ ನೋಡಿ. ನನ್ನ ಬಾಡಿಯಲ್ಲಿ ಐಸಿನ ನೀರು ನಿಂತರೆ ಬಂಗುಡೆ ಎಲ್ಲ ಹಾಳು” ಎಂದ.

ಮಾತು ಸರಿ ಎಂದು ಸಾಕ್ಷಿ ಹೇಳಿದ್ದು ಅಮೆರಿಕ. ಭಾವನ ಮಗ ಹ್ಯೂಸ್ಟನ್‌ನಲ್ಲಿದ್ದಾನೆ. ಅವನ ಬಳಿಯೂ ಪಿಕಪ್ ಉಂಟು. ನಮ್ಮಲ್ಲಿ ಮೀನು, ಕೆಂಪುಕಲ್ಲು, ಶಾಮಿಯಾನದ ಕಂಬ ಹೊರುವ ಜಾತಿಯ ವಾಹನಕ್ಕೆ ಅಲ್ಲಿ ಚರ್ಮದ ಸೀಟು, ಮೇಲೆ ಸನ್‌ರೂಫ್! ವಿಡಿಯೋ ಕರೆಯಲ್ಲಿ ಅದನ್ನು ನೋಡಿದ ನೆರೆಮನೆಯವನಿಗೆ ತನ್ನ ಪಿಕಪ್ಪಿನ ಮಾಡನ್ನೂ ಕೊರೆಸುವ ಆಸೆ ಹುಟ್ಟಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹಾಗೆಲ್ಲ ವಾಹನದ ರೂಪ ಬದಲಿಸಲು ಬಿಡುವುದಿಲ್ಲ ಎಂದು ತಣ್ಣೀರೆರಚಬೇಕಾಯಿತು.

ಹ್ಯೂಸ್ಟನ್ನಿನ ಪಿಕಪ್ ಕೂಡ ಹಿಂದಿನ ವರ್ಷ ಸೋರಿತ್ತಂತೆ. ಭಾವನ ಮಗ ವಿವರಿಸಿದ: ಸನ್‌ರೂಫಿನ ಸುತ್ತಲಿನ ರಬ್ಬರು ನೀರನ್ನು ಪೂರ್ತಿ ತಡೆಯಬೇಕೆಂದು ಕಂಪೆನಿಯವರೇ ಅಪೇಕ್ಷಿಸುವುದಿಲ್ಲ. ಸ್ವಲ್ಪ ಒಳಗೆ ಇಳಿಯುತ್ತದೆ, ಇಳಿಯಲಿ. ಗಾಜಿನ ಅಡಿಯಲ್ಲಿ ಸುತ್ತಲೂ ಒಂದು ಕಾಲುವೆ, ಅದರ ಮೂಲೆಗಳಲ್ಲಿ ತೂತು, ತೂತಿಗೆ ಸಣ್ಣ ಪೈಪು. ಮುಂದಿನ ಎರಡು ಪೈಪು ಮುಂಗಾಜಿನ ಅಕ್ಕಪಕ್ಕದ ಕಂಬಗಳೊಳಗೆ ಇಳಿದು ನೆಲಕ್ಕೆ ಬಿಡುತ್ತವೆ. ಹಿಂದಿನ ಎರಡು, ಪಿಕಪ್ಪಾದರೆ ಕ್ಯಾಬಿನ್ನಿನ ಹಿಂಗೋಡೆಯಲ್ಲಿ, ಕಾರಾದರೆ ಹಿಂಬದಿಯ ಕಂಬಗಳಲ್ಲಿ. ಪೈಪು ಕಟ್ಟಿದರೆ ಕಾಲುವೆ ತುಂಬಿ ಮುಚ್ಚಿಗೆಯ ಬಟ್ಟೆಗೆ ನೀರು. ಅವನ ಪೈಪನ್ನು ಕಟ್ಟಿಸಿದ್ದು ಪೈನ್ ಮರದ ಸೂಜಿ ಎಲೆ.

ಇದನ್ನೆಲ್ಲ ಕೇಳುತ್ತಿದ್ದ ಅತ್ತೆ ನಕ್ಕುಬಿಟ್ಟರು. “ಇದು ನಮ್ಮ ಕನ್ನಡಿ ಹೆಂಚು ಅಲ್ವಾ?” 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದಂದಿನಿಂದ ಈ ಕಡೆಯ ಮನೆಗಳ ಮಾಡು ನಡೆದಿರುವುದು ಇದೇ ಉಪಾಯದಲ್ಲಿ. ಹೆಂಚಿಗೆ ಹೆಂಚು ಅಂಟಿಸಿದವರಿಲ್ಲ, ಸಂದಿಗೆ ನುಗ್ಗಿದ ಮಳೆನೀರನ್ನು ಹೆಂಚಿನ ಗೀರೇ ಹಿಡಿದು ಕೆಳಗಿನ ಹೆಂಚಿಗೆ ದಾಟಿಸುತ್ತದೆ; ಕೊನೆಗೆ ಅಡಿಕೆ ಮರದ ದಂಬೆ ಅಂಗಳಕ್ಕೆ ಬಿಡುತ್ತದೆ. ನಡುವೆ ಬೆಳಕಿಗೊಂದು ಕನ್ನಡಿ ಹೆಂಚು. ಮಳೆಗಾಲದ ಮೊದಲು ದಂಬೆಯ ತರಗೆಲೆ ತೆಗೆಯುವುದು ಅತ್ತೆಯ ಮನೆಯಲ್ಲಿ ಮಕ್ಕಳ ಕೆಲಸವಾಗಿತ್ತಂತೆ.

ಗಾಜು ಸರಿಸಿ ಟಾರ್ಚು ಬಿಟ್ಟೆವು. ಮುಂದಿನ ಎಡಮೂಲೆಯಲ್ಲಿ ಕಿರುಬೆರಳೂ ತೂರದಂಥ ತೂತು. ಅದರಲ್ಲಿ ಗಾಳಿಮರದ ಸೂಜಿ, ಕೆಂಪು ಧೂಳು, ಯಾವುದೋ ಇರುವೆಯ ಸಂಸಾರ ಎಲ್ಲ ಸೇರಿ ಗಟ್ಟಿ ಬಿರಡೆ. ಟಯರ್ ಅಂಗಡಿಗೆ ಹೋಗಿ ಕಂಪ್ರೆಸರ್ ಗಾಳಿ ಹೊಡೆಸುವ ಎಂದದ್ದಕ್ಕೆ ಹ್ಯೂಸ್ಟನ್ ಒಪ್ಪಲಿಲ್ಲ: ಜೋರು ಗಾಳಿಗೆ ಒಳಗಿನ ಜಾಯಿಂಟ್ ಕಳಚಿದರೆ ಇಡೀ ಮುಚ್ಚಿಗೆ ಬಿಚ್ಚಬೇಕು. ಚೂಪು ತಂತಿಯೂ ಬೇಡ, ಪೈಪು ಹರಿದೀತು. ಆಗ ನೆರೆಮನೆಯವನು ದಪ್ಪ ತಂಗೂಸು ತಂದ. ತುದಿಗೆ ಬೆಂಕಿಕಡ್ಡಿ ಹಿಡಿದು ಕರಗಿಸಿ ಗುಂಡಗೆ ಮಾಡಿಕೊಂಡು, ಗಾಳ ಬಿಡುವವನ ತಾಳ್ಮೆಯಿಂದ ತಿರುಗಿಸುತ್ತ ಇಳಿಸಿದ. ಕಾಲುವೆಗೆ ಒಂದು ಲೋಟ ನೀರು ಹೊಯ್ದೆ. ಮೊದಲು ನಿಂತಿತು. ಆಮೇಲೆ ಗುಳುಗುಳು ಎಂದು ಸುಳಿ ಎದ್ದು, ಕೆಳಗೆ ಮುಂಬಾಗಿಲ ಪಕ್ಕ, ಚಕ್ರದ ಹಿಂದೆ ಕಪ್ಪು ಕಷಾಯ ಸುರಿಯಿತು. ಅತ್ತೆ ಚಪ್ಪಾಳೆ ತಟ್ಟಿದರು.

ಉಳಿದ ಮೂರು ಮೂಲೆಗಳಿಗೂ ಅದೇ ಚಿಕಿತ್ಸೆ. ರಬ್ಬರಿಗೆ ಸೋಪಿನ ನೀರಿನ ಬಟ್ಟೆ, ಒಣಗಿದ ಮೇಲೆ ತೆಳುವಾಗಿ ಸಿಲಿಕಾನ್ ಗ್ರೀಸ್. ಕಾರು ಗಾಳಿಮರದ ಬುಡ ಬಿಟ್ಟು ಕೊಟ್ಟಿಗೆಯ ಪಕ್ಕಕ್ಕೆ ಬಂತು. ಟರ್ಪಾಲು ಬೇಡವೇ ಬೇಡವೆಂದು ಠರಾವಾಯಿತು. ಕಡಲ ಗಾಳಿಗೆ ಅದು ಪಟಪಟ ಬಡಿದು ಬಣ್ಣ ಉಜ್ಜುತ್ತದೆ, ಅಡಿಯಲ್ಲಿ ಹಬೆ ಕಟ್ಟಿ ಬೂಷ್ಟಿಗೆ ಒಳ್ಳೆಯ ಮನೆಯಾಗುತ್ತದೆ.

ಆಗಸ್ಟ್ ಬಂದು ನೆರೆಮನೆಯ ಪಿಕಪ್ ಮತ್ತೆ ಮಲ್ಪೆಯ ದಾರಿ ಹಿಡಿಯಿತು. ಭಾವನ ಫೋನು ಬಂತು.

“ಭಾವ, ಕಾರಿಗೆ ನೀರು ಬರುವುದು ನಿಂತಿತಾ?”

“ಇಲ್ಲ ಭಾವ, ಬರ್ತಾ ಉಂಟು. ಹಾಗೇ ಕೆಳಗೆ ಹೋಗ್ತಾ ಉಂಟು.”

ಮುಂಬೈ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

“ಒಂದು ಕೆಲಸ ಮಾಡಿ ಭಾವ. ಅಷ್ಟಮಿಗೆ ನಾನು ಬರುವವರೆಗೆ ಮೇಲಿನಿಂದ ಒಂದು ಟರ್ಪಾಲು ಕಟ್ಟಿಡಿ.”